ಬಾಯಾರಿದ ಸಾಲು

ಗಾಜಿನ ಮನೆಯೊಳಗೆ ಮಧ್ಯಾಹ್ನದ ಬೆಳಕು ಹಾಲು ಚೆಲ್ಲಿದಂತೆ ಹರಡಿತ್ತು. ಅಕ್ಕ ವರ್ಷಗಟ್ಟಲೆ ಜೋಪಾನ ಮಾಡಿದ ಬೀಜಗಳು ಕುಂಡಗಳಲ್ಲಿ ಸಸಿಗಳಾಗಿ ನಿಂತಿದ್ದವು. ಆ ಜಾತಿಯ ಬೀಜ ಅವಳಲ್ಲಿ ಇನ್ನೊಂದೂ ಉಳಿದಿರಲಿಲ್ಲ. ಅವಳು ಪರಊರಿಗೆ ಹೋದ ಮೇಲೆ ನೀರುಣಿಸುವ ಹೊಣೆ ತಮ್ಮ ಬರೆದ ಕಂಪ್ಯೂಟರ್ ಪ್ರೋಗ್ರಾಮಿನದು. ಅದು ದಿನವೂ ಕುಂಡಗಳ ಪೂರ್ತಿ ಪಟ್ಟಿಯನ್ನು ಹೊಸದಾಗಿ ಮೊದಲಿನಿಂದ ಹಿಡಿದು, ಒಂದರ ನಳಿಕೆ ತೆರೆದು, ನೀರುಂಡದ್ದನ್ನು ಪಟ್ಟಿಯಿಂದ ತೆಗೆದು, ಮುಂದಿನ ಸ್ಥಾನಕ್ಕೆ ಸಾಗುತ್ತಿತ್ತು.

ಈಗ ಅರ್ಧದಷ್ಟು ಸಸಿಗಳು ತಲೆ ಬಾಗಿಸಿದ್ದವು.

"ಎಲ್ಲಕ್ಕೂ ನೀರು ಹೋಗಿದೆ ತಾನೇ?" ಸುದ್ದಿ ತಿಳಿದ ಅಕ್ಕ ಫೋನಿನಲ್ಲಿ ಕೇಳಿದಳು.

"ಒಂದನ್ನೂ ಬಿಟ್ಟಿಲ್ಲ ಅಕ್ಕಾ. ನನ್ನ ಹಾಗೆ ಮರೆಯೋ ಪ್ರಾಣಿ ಅಲ್ಲ ಅದು."

"ಹಾಗಾದ್ರೆ ನೀರು ಜಾಸ್ತಿಯಾಗಿ ಬೇರು ಕೊಳೆತಿದೆ. ಬಾಡಿದ್ದನ್ನೆಲ್ಲ ಈಗಲೇ ಕಿತ್ತುಹಾಕು, ಇಲ್ದಿದ್ರೆ ಉಳಿದಿದ್ದಕ್ಕೂ ಹರಡುತ್ತೆ." ಅವಳ ದನಿ ತಗ್ಗಿತು. "ನನ್ನ ಕೈಲಿ ಆಗಲ್ಲ ಕಣೋ. ನಾನು ಬರೋದ್ರೊಳಗೆ ಮುಗಿಸಿಬಿಡು."

ಅವನು ಹಲಗೆಯ ಮೇಲೆ ಕುಳಿತು ಹತ್ತಿರದ ಸಸಿಯ ಬುಡಕ್ಕೆ ಕೈಯಿಟ್ಟ. ಕೀಳಲು ಮನಸ್ಸು ಬಾರದು. ಬೆಚ್ಚನೆಯ ಗಾಳಿ, ಎಲ್ಲೋ ತೊಟ್ಟಿಕ್ಕುವ ಹನಿ, ರೆಪ್ಪೆ ಭಾರವಾಯಿತು.

ಸಸಿಗಳೆಲ್ಲ ಹಸಿರುಡುಗೆಯ ಮಕ್ಕಳಾಗಿ ಉದ್ದನೆಯ ಬೆಂಚಿನ ಮೇಲೆ ಕುಳಿತಿದ್ದವು. ಇವನ ಕೈಯಲ್ಲಿ ಹೂಜಿ. ಮೊದಲ ಮಗು ಕುಡಿದು, ತುಟಿಯೊರಸಿಕೊಂಡು, ಎದ್ದು ಬೆಳಕಿನೊಳಗೆ ಹೋಯಿತು. ಪಕ್ಕದ ಹುಡುಗಿ ಆ ಬಿಸಿ ಆರದ ಜಾಗಕ್ಕೆ ಸರಿದಳು. ಅವಳ ಹಿಂದೆ ಸಾಲೇ ಸರಿಯಿತು. ಇವನ ಪಾದವೋ ಆಗಲೇ ಎರಡನೆಯ ಜಾಗದಲ್ಲಿತ್ತು. ಅಲ್ಲಿದ್ದವನಿಗೆ ನೀರೆರೆದ. ಅವನೂ ಎದ್ದ, ಸಾಲು ಮತ್ತೆ ಸರಿಯಿತು.

"ಮಾಮಾ, ನಂಗೆ?" ಹಿಂದೆ ಉಳಿದ ಹುಡುಗಿ ಬೊಗಸೆಯೊಡ್ಡಿದ್ದಳು. ಅವನ ಪಾದಗಳಿಗೆ ಹಿಂದಕ್ಕೆ ನಡೆಯುವುದು ತಿಳಿದಿರಲಿಲ್ಲ. ಬೆಂಚಿನ ತುದಿಯಲ್ಲೊಬ್ಬ ವೃದ್ಧ ಜಪಮಾಲೆ ತಿರುಗಿಸುತ್ತಿದ್ದ. ಬೆರಳು ಮಣಿಯನ್ನು ಮುಟ್ಟಿ ದಾಟುತ್ತಿತ್ತು. ಮಣಿ ದಾರದಲ್ಲೇ ಉಳಿಯುತ್ತಿತ್ತು.

ಅವನು ಬೆಚ್ಚಿ ಎದ್ದ. ಬಾಡಿದ ಸಸಿಯ ಬುಡಕ್ಕೆ ಹೊದಿಸಿದ್ದ ಬಿಳಿಗಲ್ಲುಗಳನ್ನು ಸರಿಸಿ ಆಳಕ್ಕೆ ಬೆರಳೂರಿದ. ಬೂದಿಯಂಥ ಒಣಮಣ್ಣು. ನಳನಳಿಸುತ್ತಿದ್ದ ಇನ್ನೊಂದರಲ್ಲಿ ತಂಪು, ತೇವ.

"ಅಕ್ಕಾ, ಕೊಳೆತಿಲ್ಲ. ಬಾಯಾರಿದೆ!" ಫೋನು ಹಚ್ಚಿ ಕೂಗಿದ.

"ಎಲ್ಲಕ್ಕೂ ನೀರು ಹೋಗಿದೆ ಅಂದ್ಯಲ್ಲೋ?"

"ಕುಡಿದದ್ದನ್ನ ಪಟ್ಟಿಯಿಂದ ತೆಗೆಯೋ ಹಾಗೆ ಬರೆದಿದ್ದೆ. ತೆಗೆದ ಕೂಡಲೇ ಪಕ್ಕದ್ದು ಆ ಜಾಗಕ್ಕೆ ಸರಿಯುತ್ತೆ, ಪ್ರೋಗ್ರಾಂ ಅದನ್ನ ದಾಟಿ ಹೋಗುತ್ತೆ. ದಿನಾ ಅವಕ್ಕೇ ಉಪವಾಸ."

"ತೆಗಿ ಅಂತ ಯಾರು ಹೇಳಿದ್ರು ನಿಂಗೆ?"

"ಅಚ್ಚುಕಟ್ಟಾಗಿರಲಿ ಅಂತ..."

"ನಿನ್ನ ಅಚ್ಚುಕಟ್ಟಿಗೆ ಬೆಂಕಿ ಹಾಕ! ಹಾಸಿದ ಹಾಸಿಗೆ ಮಡಿಸಲ್ಲ, ಇಲ್ಲಿ ಬಂತಾ ಅಚ್ಚುಕಟ್ಟು?" ಆಮೇಲೆ ಉಸಿರು ಬಿಗಿಹಿಡಿದು, "ಎಷ್ಟು ಕಿತ್ತೆ?"

"ಒಂದೂ ಇಲ್ಲ. ನಿದ್ದೆ ಬಂದುಬಿಡ್ತು."

ಅತ್ತಲಿಂದ ನಗುವೋ ಅಳುವೋ ತಿಳಿಯದ ಸದ್ದು. "ನಿನ್ನ ಸೋಮಾರಿತನ ನೂರು ವರ್ಷ ಬಾಳಲಿ! ಏಳು, ನೀರು ಹಾಕು."

ಅವನು ಮಗ್ಗು ತುಂಬಿ ಬಾಗಿದ ಸಸಿಯ ಬುಡಕ್ಕೆ ಮೆಲ್ಲನೆ ಎರೆದ. ಎಲೆ ಇನ್ನೂ ಅಲುಗಲಿಲ್ಲ. ಒಣಮಣ್ಣು ಮಾತ್ರ ಗುಳುಗುಳು ಎಂದು ಕುಡಿಯತೊಡಗಿತು. ಅವನು ಫೋನನ್ನು ಕುಂಡದ ಅಂಚಿಗೆ ಹಿಡಿದ. ಅತ್ತ ಅಕ್ಕ ಕಿವಿಗೊಟ್ಟು ಕೇಳುತ್ತಿದ್ದಳು.