ಸಿರುಗುಪ್ಪದ ಗಂಟು

ಸಿರಿಗೇರಿಯಲ್ಲಿ ಕೆಂಚಣ್ಣನಿಗಿಂತ ಕೆಂಚಣ್ಣನ ಹಗ್ಗಕ್ಕೇ ಹೆಚ್ಚು ಮರ್ಯಾದೆ. ಪುಂಡಿ ನಾರನ್ನು ನೆನೆಸಿ, ಬಡಿದು, ತಾನೇ ಕೂತು ಹೊಸೆದ ತೋಳುದಪ್ಪದ ಹಗ್ಗ ಅದು. ಅವನ ಕಪಿಲೆ ಬಾವಿಯಲ್ಲಿ ಎತ್ತುಗಳು ನೀರಿನ ಚೀಲ ಎಳೆಯುತ್ತಿದ್ದದ್ದು ಅದೊಂದರಿಂದಲೇ. ಆ ನೀರಿನಿಂದಲೇ ಅವನ ಮೆಣಸಿನಕಾಯಿ ತೋಟ ಹಸಿರಾಗಿತ್ತು. ಒಮ್ಮೆ ಹೆಂಡತಿ ಶಿವಬಸಮ್ಮ ಅದರ ಮೇಲೆ ಸೀರೆ ಒಣಹಾಕಿದ್ದಕ್ಕೆ ವಾರವೆಲ್ಲ ಮುಖ ಊದಿಸಿಕೊಂಡು ತಿರುಗಿದ ಮಹಾರಾಯ.

ಇಂಥವನ ಹತ್ತಿರ ಹಗ್ಗ ಕೇಳಲು ಬಂದರು ಹಂಪಯ್ಯ ಮೇಷ್ಟ್ರು. ಮೊದಲ ಚುನಾವಣೆಯ ಗದ್ದಲ ಆಗಷ್ಟೇ ತಣ್ಣಗಾಗಿತ್ತು. ತಾಲೂಕಿನ ಪ್ರಾಥಮಿಕ ಶಾಲೆಗಳಿಗೆಲ್ಲ ಸಿರುಗುಪ್ಪದಲ್ಲಿ ಆಟೋಟ ಇಟ್ಟಿದ್ದರು. ಒಂದು ಊರಿನವರು ಬೆಂಚು ತರಬೇಕು, ಇನ್ನೊಂದು ಊರಿನವರು ನೀರಿನ ಹಂಡೆ ತರಬೇಕು. ಹಗ್ಗಜಗ್ಗಾಟಕ್ಕೆ ಹಗ್ಗ ತರುವ ಕೆಲಸ ಸಿರಿಗೇರಿಯವರ ಪಾಲಿಗೆ ಬಂದಿತ್ತು.

"ಹುಡುಗ್ರ ಆಟಕ್ಕ ನನ್ನ ಹಗ್ಗ?" ಕೆಂಚಣ್ಣ ಕೆರಳಿದ. "ಅದು ಹರಿದ್ರ ನನ್ನ ಗಿಡಕ್ಕ ನೀರು ನೀವು ಕುಡಸ್ತೀರೇನ್ರಿ ಮೇಷ್ಟ್ರ?"

"ಕುಡಸ್ತೀವಿ," ಅಂದರು ಮೇಷ್ಟ್ರು ನಿಧಾನವಾಗಿ. "ನಿಮ್ಮ ಎತ್ತಿನ ಹೆಗಲು ಬಾತು ಕಪಿಲಿ ನಿಂತೈತಿ. ಆಟದ ದಿನದ ತನಕ ಸಾಲಿ ಬಿಟ್ಟ ಮ್ಯಾಲ ನಮ್ಮ ಹುಡುಗ್ರು ಬಂದು ನೀರು ಎಳೀತಾರ. ಅವರಿಗೆ ತಾಲೀಮು ಆಗ್ತೈತಿ, ನಿಮಗ ನೀರು ಸಿಗ್ತೈತಿ. ಏನಂತೀರಿ?"

ಒಣಗುತ್ತಿದ್ದ ಗಿಡ ಕಣ್ಣೆದುರೇ ಇತ್ತು. ಕೆಂಚಣ್ಣ ಗೊಣಗುತ್ತಲೇ ಒಪ್ಪಿದ.

ಮರುದಿನ ಸಂಜೆ ಮಕ್ಕಳು ಬಂದರು. ಎಲ್ಲರ ಮುಂದೆ ಅವನ ಮಗಳು ಜಡೆಮ್ಮ, ನಾಲ್ಕನೇ ಕ್ಲಾಸಿನವಳು. ಅವರಿಗೆ ಭಾರವಾಗದಿರಲೆಂದು ಕೆಂಚಣ್ಣ ಚೀಲವನ್ನು ಪೂರ್ತಿ ತುಂಬಿಸದೆ ಬಿಟ್ಟ. ಮಕ್ಕಳು ಬಾವಿಗೆ ಬೆನ್ನು ಮಾಡಿ, ಹಗ್ಗ ಹೆಗಲಿಗೆ ಹಾಕಿಕೊಂಡು, ಎತ್ತು ನಡೆಯುವ ಇಳಿಜಾರಿನಲ್ಲೇ ನಡೆದರು. ಎತ್ತುಗಳಿಗೆ ಹಾಕುವ ಕೂಗನ್ನೇ ಕೆಂಚಣ್ಣ ಇವರಿಗೂ ಹಾಕಿದ: "ಹೋಯ್ ಹೋಯ್ ನಡೀ ನನ್ನ ಬಸವಾ!" ಕೂಗು ಬಂದರೆ ಹೆಜ್ಜೆ, ಕೂಗು ನಿಂತರೆ ಎಲ್ಲರೂ ಅಲ್ಲೇ. ಕಾಲುವೆಯಲ್ಲಿ ನೀರು ಹರಿಯಿತು. ಗಿಡ ಮತ್ತೆ ತಲೆ ಎತ್ತಿತು.

ಹಗ್ಗಜಗ್ಗಾಟವನ್ನು ಹೀಗೆ ಆಡುವುದಿಲ್ಲ ಎಂದು ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಪಾಪ, ಮೇಷ್ಟ್ರೂ ಅದನ್ನು ಕಣ್ಣಾರೆ ಕಂಡವರಲ್ಲ.

ಸಿರುಗುಪ್ಪಕ್ಕೆ ಕೆಂಚಣ್ಣನೂ ಬಂಡಿ ಹತ್ತಿದ. ಮಗಳ ಆಟ ನೋಡಲು ಅಂದುಕೊಳ್ಳಬೇಡಿ, ಹಗ್ಗ ಕಾಯಲು. ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದ.

ಬಯಲಲ್ಲಿ ಜನವೋ ಜನ. ಎದುರಿಗೆ ಪೇಟೆಯ ಶಾಲೆಯ ಹುಡುಗರು ಒಂದೇ ಬಣ್ಣದ ಚಡ್ಡಿ ತೊಟ್ಟು, ಹಗ್ಗ ಹಿಡಿದು, ಕಾಲು ಊರಿ ನಿಂತರು. ನಮ್ಮವರು ಅವರಿಗೆ ಬೆನ್ನು ತಿರುಗಿಸಿ ಹಗ್ಗ ಹೆಗಲಿಗೇರಿಸಿದರು. ಬಯಲೆಲ್ಲ ನಗೆ.

"ಎತ್ತು ಹೂಡ್ಯಾರ ನೋಡ್ರಲೇ!"

ಸೀಟಿ ಹಿಡಿದಿದ್ದ ಯಜಮಾನರು ಪೇಟೆಯ ಮೇಷ್ಟ್ರ ಮುಖ ನೋಡಿದರು. "ಬೆನ್ನು ಮಾಡಿ ಎಳೀತಾರಂದ್ರ ನಮಗೇನು ನಷ್ಟ? ಎಳೀಲಿ ಬಿಡ್ರಿ," ಅಂದರು ಪೇಟೆಯ ಮೇಷ್ಟ್ರು. ಸೀಟಿ ಮೊಳಗಿತು. ನಮ್ಮ ಮಕ್ಕಳು ಕದಲಲೇ ಇಲ್ಲ. ಪೇಟೆಯವರು ಎಳೆದ ಎಳೆತಕ್ಕೆ ಹಿಂದಕ್ಕೆ ಉರುಳಿದರು.

ಮೈಯೆಲ್ಲ ಮಣ್ಣಾದ ಜಡೆಮ್ಮ ಎದ್ದು ಗುಂಪಿನಲ್ಲಿ ಕಣ್ಣಾಡಿಸಿದಳು. "ಅಪ್ಪಾ, ನೀ ಕೂಗಲೇ ಇಲ್ಲಲ್ಲ!"

ಕೆಂಚಣ್ಣನ ಕಿವಿ ಬಿಸಿಯಾಯಿತು. ಬಿಳಿ ಅಂಗಿಯ ಅಧಿಕಾರಿಗಳು ಕುರ್ಚಿ ಹಾಕಿಕೊಂಡು ಕೂತ ಜಾಗದಲ್ಲಿ ದನಕ್ಕೆ ಕೂಗುವ ಕೂಗೇ? ಆದರೆ ಮಗಳು ಇನ್ನೂ ಅವನನ್ನೇ ನೋಡುತ್ತಿದ್ದಳು.

ಎರಡನೇ ಸೀಟಿ ಮೊಳಗಿತು. "ಹೋಯ್ ಹೋಯ್ ನಡೀ ನನ್ನ ಬಸವಾ!"

ಮಕ್ಕಳೆಲ್ಲ ಒಟ್ಟಿಗೆ ಹೆಜ್ಜೆ ಕಿತ್ತಿಟ್ಟರು. ಪೇಟೆಯ ಹುಡುಗರಿಗೆ ಏನಾಗುತ್ತಿದೆ ಎಂದು ತಿಳಿಯುವುದರೊಳಗೆ ಅವರು ಗೆರೆ ದಾಟಿ ಈಚೆಗೆ ಬಂದಿದ್ದರು. ನಗುತ್ತಿದ್ದ ಬಯಲು ಗಪ್‌ಚುಪ್.

ಮೂರನೆಯ ಸಲ ಪೇಟೆಯವರು ಹಲ್ಲು ಕಚ್ಚಿ ಹಿಡಿದರು. ಹಗ್ಗ ಅತ್ತಲೂ ಹೋಗಲಿಲ್ಲ, ಇತ್ತಲೂ ಬರಲಿಲ್ಲ. ಬಾವಿಯ ಗಾಲಿಗೆ ಉಜ್ಜಿ ಸವೆದಿದ್ದ ಜಾಗ ಈಗ ಕೆಂಚಣ್ಣನ ಕಣ್ಣೆದುರಿಗೇ ಇತ್ತು. ಅಲ್ಲಿ ಒಂದು ಎಳೆ ಪಟ್ಟನೆ ಬಿಚ್ಚಿತು. ಅದರ ಹಿಂದೆಯೇ ಇನ್ನೊಂದು. ಕೂಗು ನಿಲ್ಲಿಸಿದರೆ ಮಕ್ಕಳು ನಿಲ್ಲುತ್ತಾರೆ. ಹಗ್ಗ ಉಳಿಯುತ್ತದೆ, ತೋಟವೂ ಉಳಿಯುತ್ತದೆ. ತಲೆ ತಗ್ಗಿಸಿ, ಕುತ್ತಿಗೆಯ ನರ ಉಬ್ಬಿಸಿಕೊಂಡು ಮುಂದಿನ ಕೂಗಿಗಾಗಿ ಕಾಯುತ್ತಿದ್ದ ಜಡೆಮ್ಮನನ್ನು ನೋಡಿದ.

ಬಾವಿಯ ಮೇಲೂ ಅಷ್ಟು ಗಟ್ಟಿಯಾಗಿ ಅವನು ಎಂದೂ ಕೂಗಿದವನಲ್ಲ. "ನಡೀ ನನ್ನ ತಾಯಿ! ಹರಿದ್ರ ಹರೀಲಿ, ನಡೀ!"

ಮಕ್ಕಳು ನಡೆದರು. ಗುರುತಿನ ಬಟ್ಟೆ ಗೆರೆ ದಾಟಿತು, ಸೀಟಿ ಮೊಳಗಿತು. ಆಗಲೇ ಹಗ್ಗ ಫಟ್ಟೆಂದು ಹರಿದು, ಗೆದ್ದವರೆಲ್ಲ ಮೂಗು ನೆಲಕ್ಕೆ ಕೊಟ್ಟು ಬಿದ್ದರು. ಬಿದ್ದಲ್ಲೇ ನಕ್ಕರು. ಸಿರಿಗೇರಿ ಶಾಲೆಗೆ ಬಣ್ಣದ ಭೂಪಟ ಬಹುಮಾನ ಬಂತು. ಹಂಪಯ್ಯ ಮೇಷ್ಟ್ರು ಅದನ್ನು ಎದೆಗವಚಿಕೊಂಡು ಕಣ್ಣೊರೆಸಿಕೊಂಡರು. ಕೆಂಚಣ್ಣ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಯಲೆಲ್ಲ ಸುತ್ತಿದ. ಹರಿದ ಹಗ್ಗದ ನೆನಪಾದದ್ದು ಬಂಡಿ ಹತ್ತುವಾಗ.

ಮನೆಯಲ್ಲಿ ಶಿವಬಸಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ನಾ ಒಂದು ಸೀರಿ ಒಣಹಾಕಿದ್ದಕ್ಕ ವಾರೆಲ್ಲ ಮಾರಿ ಊದಿಸ್ಕೊಂಡು ತಿರುಗಿದ್ರಿ. ಈಗ ಹರಕೊಂಡು ಬಂದೀರಲ್ಲ?"

"ಹರಕೊಂಡು ಬಂದಿಲ್ಲಲೇ, ಗೆದ್ಕೊಂಡು ಬಂದೀನಿ," ಅಂದ ಕೆಂಚಣ್ಣ.

ಎರಡು ತುಂಡು ಸೇರಿಸಿ ಗಂಟು ಹಾಕಿ ಮತ್ತೆ ಬಾವಿಗೆ ಕಟ್ಟಿದ. ಎತ್ತಿನ ಹೆಗಲೂ ವಾಸಿಯಾಯಿತು. ಆದರೆ ಚೀಲ ಮೇಲೆ ಬರುವಾಗೆಲ್ಲ ಆ ಗಂಟು ಗಾಲಿಯ ಮೇಲೆ ಟಕ್ಕೆಂದು ಎಗರುತ್ತಿತ್ತು, ನೀರು ಚೆಲ್ಲುತ್ತಿತ್ತು. ಊರವರು ಹೊಸ ಹಗ್ಗ ಹೊಸೆದುಕೊಡುತ್ತೇವೆ ಅಂದರೂ ಕೆಂಚಣ್ಣ ಬೇಡ ಅಂದ. ದಾರಿಹೋಕರು ಯಾರಾದರೂ ಆ ಸದ್ದಿಗೆ ತಿರುಗಿ ನೋಡಿದರೆ ಸಾಕು, ಎತ್ತುಗಳನ್ನು ನಿಲ್ಲಿಸಿಬಿಡುತ್ತಿದ್ದ.

"ಅದು ಸಿರುಗುಪ್ಪದ ಗಂಟು ಐತ್ರಿ. ಬರ್ರಿ, ಕುಂದರ್ರಿ, ಹೇಳ್ತೀನಿ. ನನ್ನ ಮಗಳು ಎಲ್ಲಾರಿಗಿಂತ ಮುಂದಿದ್ಲು."