ಒಂಟಿಗೆ ಬಹುವಚನ

ನಿವೃತ್ತರಾದ ಮೇಲೆ ಲ್ಯಾಟಿನ್ ಮೇಷ್ಟ್ರ ಮನೆ ಬಾಗಿಲು ಬಡಿಯುವವರೇ ಇರಲಿಲ್ಲ. ಹಾಗಾಗಿ ಆ ಮಧ್ಯಾಹ್ನ ಸದ್ದಾದಾಗ, ಪಕ್ಕದ ಮನೆಯದ್ದಿರಬೇಕೆಂದು ಕೂತೇ ಇದ್ದರು. ಮತ್ತೆ ಬಡಿದಾಗ ಎದ್ದರು.

ಬಂದವನು ಸಮಾಧಿಕಲ್ಲು ಕೆತ್ತುವವನು. ಜೊತೆಗೆ, ಎರಡು ತಿಂಗಳ ಹಿಂದೆ ತೀರಿಕೊಂಡ ಔಷಧಿ ಅಂಗಡಿಯವರ ಹೆಂಡತಿ.

“ಮೇಷ್ಟ್ರೇ, ಕಲ್ಲಲ್ಲಿ ಒಂದಕ್ಷರ ತಪ್ಪಿದ್ರೂ ಅಳಿಸೋಕಾಗಲ್ಲ. ಸೋಲುಸ್ ಅಂತ ಕೆತ್ತಬೇಕಂತೆ. ಸೋತವನು ಅಂತಲಾ?”

ಬಹಳ ದಿನಗಳ ಮೇಲೆ ಮೇಷ್ಟ್ರಿಗೆ ನಗು ಬಂತು. “ಅಲ್ಲಪ್ಪ, ಒಂಟಿ ಅಂತ. ಎಲ್ಲಿತ್ತು ಇದು?”

ಆಕೆ ಗಂಡನ ದಿನಚರಿಯ ಕೊನೆಯ ಪುಟ ತೆಗೆದು ತೋರಿಸಿದರು. ಔಷಧಿ ಚೀಟಿಗಳಿಂದ ಅವರಿಗೆ ರೂಢಿಯಾಗಿದ್ದ ಲ್ಯಾಟಿನ್‌ನಲ್ಲಿ, ಅಲ್ಲಿದ್ದದ್ದು ಅದೊಂದೇ ಪದ. “ತಾವು ಹೋದ್ಮೇಲೆ ನಾನು ಒಂಟಿಯಾಗ್ತೀನಿ ಅಂತ ಮರುಗಿ ಬರೆದಿರಬೇಕು, ಅಲ್ವಾ?”

ಹೂಂ ಅಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನಲವತ್ತು ವರ್ಷ ಮಕ್ಕಳ ತಪ್ಪುಗಳಿಗೆ ಕೆಂಪು ಗೀಟು ಎಳೆದವರಿಗೆ ಆ ಸುಳ್ಳು ನಾಲಿಗೆಗೆ ಬರಲಿಲ್ಲ.

“ಈ ಗುಣವಾಚಕ ಯಾರ ಬಗ್ಗೆ ಹೇಳತ್ತೋ ಅವರ ಲಿಂಗ ಹಿಡಿಯತ್ತಮ್ಮ. ನಿಮ್ಮ ಬಗ್ಗೆ ಆಗಿದ್ರೆ ಸೋಲಾ ಅಂತಿರೋದು. ಸೋಲುಸ್ ಅಂದ್ರೆ... ಗಂಡಸು.”

ಆಕೆಯ ಮುಖ ಕಳೆಗುಂದಿತು. “ಅಂದ್ರೆ ಅವರೇ. ನಾನು ಪಕ್ಕದ ಕೋಣೇಲೇ ಇದ್ನಲ್ಲ.”

ಆಮೇಲೆ ತಾವಾಗಿಯೇ ಹೇಳಿದರು. ಎಂಥದೋ ಜಗಳ, ಯಾಕೆಂದು ಈಗ ನೆನಪೂ ಇಲ್ಲ. ಆರು ವರ್ಷ ಗಂಡ ಹೆಂಡತಿ ಮುಖ ಕೊಟ್ಟು ಮಾತಾಡಿರಲಿಲ್ಲ. ಅವರು ಉಂಡೆದ್ದ ಮೇಲೆಯೇ ಈಕೆ ತಟ್ಟೆ ಹಾಕಿಕೊಳ್ಳುತ್ತಿದ್ದದ್ದು. “ಅವರಿಗೇನು, ಅಂಗಡಿ ಇದೆ, ದಿನಾ ನಾಕು ಜನ ಬರ್ತಾರೆ, ಒಂಟಿ ನಾನೊಬ್ಬಳೇ ಅಂದ್ಕೊಂಡಿದ್ದೆ.”

ಕೆತ್ತುವವನು ಕಿಟಕಿಯತ್ತ ಮುಖ ತಿರುಗಿಸಿದ.

“ಮೇಷ್ಟ್ರೇ, ಈ ಒಂಟಿಗೆ ಬಹುವಚನ ಇದೆಯಾ?” ಆಕೆ ಕೇಳಿದರು.

“ಇದೆ. ಸೋಲಿ. ಗಂಡು ಹೆಣ್ಣು ಇಬ್ಬರನ್ನೂ ಸೇರಿಸಿ ಹೇಳೋವಾಗ ಅದೇ.”

“ಹಾಗಾದ್ರೆ ಅದನ್ನೇ ಕೆತ್ತಪ್ಪ.”

“ಅಮ್ಮ, ಕಲ್ಲು ಒಬ್ಬರದ್ದಲ್ವಾ?”

“ಪಕ್ಕದಲ್ಲಿ ನನ್ನ ಹೆಸರಿಗೂ ಜಾಗ ಬಿಡು.”

ಮೇಷ್ಟ್ರು ನಾಲ್ಕು ರೋಮನ್ ಅಕ್ಷರಗಳನ್ನು ಚೀಟಿಯಲ್ಲಿ ದಪ್ಪಗೆ ಬರೆದುಕೊಟ್ಟರು. ಆಕೆ ಅದನ್ನು ದಿನಚರಿಯೊಳಗಿಟ್ಟು, ಕೈ ಮುಗಿದು ಹೊರಟರು.

ಅವರು ಹೋದ ಮೇಲೆ ಮೇಷ್ಟ್ರಿಗೆ ಹೊಳೆಯಿತು: ಆ ಪದದ ಷಷ್ಠಿ ವಿಭಕ್ತಿ ಬೇರೆ ಗುಣವಾಚಕಗಳ ಹಾಗಲ್ಲ, ಅದರ ದಾರಿಯೇ ಬೇರೆ. ಹೇಳಲೇ ಇಲ್ಲವಲ್ಲ! ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ಓಡಿ, ಮಹಡಿ ಮೆಟ್ಟಿಲ ಕಟಕಟೆಯ ಮೇಲೆ ಬಗ್ಗಿದರು.

“ಸೋಲೀಉಸ್!” ಎಂದು ಕೂಗಿದರು. “ಷಷ್ಠಿಯಲ್ಲಿ ಸೋಲೀಉಸ್ ಆಗತ್ತೆ!”

ಕೆಳಗೆ ಬೀದಿ ಬಾಗಿಲು ಮುಚ್ಚಿದ ಸದ್ದು ಕೇಳಿತು.