ಸಂಚಿಯಲ್ಲಿದ್ದ ಮಾತ್ರೆ

"ಇದ್ರ ಮೇಲೆ ಎಂತ ಹಾಕಿದ್ರಿ?" ಸುಮಲತಾಳ ಎಡಗೈ ಹೆಬ್ಬೆರಳಿನ ಬಟ್ಟೆ ಬಿಚ್ಚುತ್ತಾ ಕೊಪ್ಪದ ಆಸ್ಪತ್ರೆಯ ಡಾಕ್ಟರು ಅರ್ಪಣಾ ಕೇಳಿದರು. ವಾಸನೆಗೆ ನರ್ಸ್ ಕಿಟಕಿ ತೆರೆದಳು.

"ಪುಡಿ ಹಾಕಿದ್ದು ಡಾಕ್ಟ್ರಮ್ಮ. ಒಳ್ಳೆ ಪುಡಿನೇ," ಎಂದಳು ಪಕ್ಕದಲ್ಲಿ ನಿಂತಿದ್ದ ಅತ್ತೆ ಕರಿಯಕ್ಕ. ಸೊಂಟದ ಎಲೆಯಡಿಕೆ ಸಂಚಿ ಬಿಚ್ಚಿ, ಸುಣ್ಣದ ಡಬ್ಬಿಯ ಪಕ್ಕದಿಂದ ಕೆಂಪು-ಹಳದಿ ಕ್ಯಾಪ್ಸೂಲ್ ತೆಗೆದು ತೋರಿಸಿದಳು. ಮುಖದಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು, ಪಾಪ.

ಹೆಮ್ಮೆ ಇಲ್ಲದೆ ಏನು? ಕಮ್ಮರಡಿಯ ಅಡಿಕೆ ಸುಲಿಯುವ ಚಪ್ಪರದಲ್ಲಿ ಅವಳೇ ಡಾಕ್ಟರು. ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವವರಿಗೆ ಕೈ ಕೊಯ್ದುಕೊಳ್ಳುವುದು ಹೊಸದಲ್ಲ. ಆಸ್ಪತ್ರೆಗೆ ಹೋದರೆ ಅವತ್ತಿನ ಕೂಲಿ ಹೋಯಿತು. ಹಾಗಾಗಿ ಕೈ ಚಾಚಿದವರಿಗೆ ಕರಿಯಕ್ಕ ಕ್ಯಾಪ್ಸೂಲಿನ ಎರಡು ತುದಿ ಹಿಡಿದು ಎಳೆದು, ಒಳಗಿನ ಪುಡಿಯನ್ನು ಗಾಯಕ್ಕೆ ಉದುರಿಸಿ ಬಟ್ಟೆ ಕಟ್ಟುತ್ತಿದ್ದಳು. ಜ್ವರ ಬಂದವರಿಗೂ ಅದರಲ್ಲೇ ಒಂದೋ ಎರಡೋ. ತೋಟದ ಮನೆಯ ಅನ್ನಪೂರ್ಣೇಶ್ವರಿ ಅಮ್ಮ, ಮನೆಯವರು ಜ್ವರ ಬಿಟ್ಟ ಕೂಡಲೇ ನುಂಗದೆ ಬಿಟ್ಟ ಮಾತ್ರೆಗಳನ್ನು "ಬಿಸಾಡೋದು ಯಾಕೆ, ನಿಮ್ಗಾದ್ರೂ ಆಗ್ಲಿ" ಎಂದು ಕೊಡುತ್ತಿದ್ದರು. ಕೆಲಸದವರೂ ಹಾಗೆಯೇ, ನೋವು ಇಳಿದರೆ ಉಳಿದದ್ದು ಕರಿಯಕ್ಕನ ಸಂಚಿಗೆ. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಇದ್ದಿದ್ದರೆ ಬೈಯುವುದಕ್ಕಾದರೂ ಒಬ್ಬರು ಸಿಗುತ್ತಿದ್ದರು.

ಕೊಪ್ಪದಲ್ಲಿ ಇಂಜೆಕ್ಷನ್ ಬದಲಾಯಿಸಿ ಬದಲಾಯಿಸಿ ಕೊಟ್ಟರು. ಯಾವುದೂ ಹಿಡಿಯಲಿಲ್ಲ. ಬಾವು ಮೊಣಕೈಗೆ ಏರಿತು. ಕೀವಿನ ಪರೀಕ್ಷೆಯ ರಿಪೋರ್ಟ್ ಶಿವಮೊಗ್ಗದಿಂದ ಬರುವ ಹೊತ್ತಿಗೆ ಬೆರಳು ಕಪ್ಪಾಗಿತ್ತು.

ಅರ್ಪಣಾ ಕರಿಯಕ್ಕನನ್ನು ವರಾಂಡಕ್ಕೆ ಕರೆದರು. "ಇಲ್ಲಿರೋ ಯಾವ ಔಷಧಿಗೂ ಈ ರೋಗಾಣು ಸಾಯೋದಿಲ್ಲ. ಅರೆಬರೆ ಔಷಧಿ ಸಿಕ್ಕಿ ಸಿಕ್ಕಿ ಅದಕ್ಕೆ ಅಭ್ಯಾಸ ಆಗಿಹೋಗಿದೆ. ಶಿವಮೊಗ್ಗಕ್ಕೆ ಕಳಿಸ್ತೀನಿ. ಕೈ ಉಳಿಬೇಕಂದ್ರೆ ಹೆಬ್ಬೆರಳು ತೆಗಿಬೇಕಾಗ್ಬಹುದು."

"ಹೆಬ್ಬೆರಳಿಲ್ದೆ ಅಡಿಕೆ ಹಿಡಿಯೋದು ಹ್ಯಾಂಗಮ್ಮ?"

ಅರ್ಪಣಾ ಅವಳ ಭುಜ ಮುಟ್ಟಿ ಒಳಗೆ ಹೋದರು.

ಹೆಬ್ಬೆರಳು ಹೋಯಿತು. ಜೀವ ಉಳಿಸಿಕೊಂಡು ಬಂದ ಸುಮಲತಾಳಿಗೆ ಈಗ ಚಪ್ಪರದಲ್ಲಿ ಸುಲಿದ ಅಡಿಕೆಯಿಂದ ಸಿಪ್ಪೆ ಆರಿಸುವ ಕೆಲಸ. ಕೂಲಿ ಕಡಿಮೆ. ಕರಿಯಕ್ಕ ಸಂಚಿಯ ಮಾತ್ರೆಗಳನ್ನೆಲ್ಲ ಅಡಿಕೆ ಬೇಯಿಸುವ ಒಲೆಗೆ ಸುರಿದಿದ್ದಳು. ಯಾಕೆಂದು ಯಾರಿಗೂ ಹೇಳಿರಲಿಲ್ಲ.

ಒಂದು ಮಧ್ಯಾಹ್ನ ಪಕ್ಕದಲ್ಲಿ ಸುಲಿಯುತ್ತಿದ್ದ ಗಂಗಾಂಬಿಕೆ ಬೆರಳು ಕೊಯ್ದುಕೊಂಡಳು. "ಕರಿಯಕ್ಕ, ಪುಡಿ ಹಾಕು ಮಾರಾಯ್ತಿ."

"ನನ್ನತ್ರ ಇಲ್ಲ. ಸೋಪ್ ಹಾಕಿ ತೊಳ್ಕ, ಆಸ್ಪತ್ರೆಗೆ ಹೋಗು."

"ನನ್ನತ್ರ ಐತೆ ಅತ್ತೆ," ಎಂದಳು ಸುಮಲತಾ. ಸೆರಗಿನ ಗಂಟು ಬಿಚ್ಚಿದಳು. ಪೂರ್ತಿ ನುಂಗಲೇಬೇಕು ಎಂದು ಶಿವಮೊಗ್ಗದಲ್ಲಿ ಕೊಟ್ಟು ಕಳಿಸಿದ್ದ ಕ್ಯಾಪ್ಸೂಲುಗಳು. "ನೋವು ಇಳೀತಲ್ಲ. ಯಾರಿಗಾದ್ರೂ ಬೇಕಾಗ್ತದೆ ಅಂತ ಇಟ್ಟೆ."

ಒಂದನ್ನು ಬಿಡಿಸಲು ನೋಡಿದಳು. ಬಲಗೈಗೆ ಒಂದು ತುದಿ ಸಿಕ್ಕಿತು, ಇನ್ನೊಂದು ಎಡಗೈಯ ಬೆರಳುಗಳಿಂದ ಜಾರಿತು. ಮತ್ತೆ ಹಿಡಿದಳು, ಮತ್ತೆ ಜಾರಿತು. ಕೊನೆಗೆ ಅತ್ತೆಯ ಕಡೆ ಚಾಚಿದಳು. "ಬಿಡಿಸಿಕೊಡಿ ಅತ್ತೆ."

ಕರಿಯಕ್ಕ ಕ್ಯಾಪ್ಸೂಲನ್ನು ತೆಗೆದುಕೊಂಡು, ಸೊಸೆಯ ಗಲ್ಲ ಹಿಡಿದು ಬಾಯಿಗೆ ಹಾಕಿ, ನೀರಿನ ಚೊಂಬು ಎತ್ತಿದಳು. "ನುಂಗು. ಇದು ನಿಂದು. ಸೆರಗಲ್ಲಿ ಕಟ್ಟಿಟ್ಟಿದ್ದೆಲ್ಲ ನಿಂದೇ."

"ಸೊಸೆಗಾದ್ರೆ ಐತೆ, ನಮಗಿಲ್ಲ," ಎಂದು ಗಂಗಾಂಬಿಕೆ ಎದ್ದಳು. ಚಪ್ಪರದ ಆ ಮೂಲೆಯಿಂದ ಯಾರೋ ಕರೆದರು: "ಇಲ್ಲಿ ಬಾರೆ, ನನ್ನತ್ರ ಒಂದೈತೆ."

"ಬ್ಯಾಡ," ಎಂದಳು ಕರಿಯಕ್ಕ. ಮೆಟ್ಟುಗತ್ತಿಗಳ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

ಗಂಗಾಂಬಿಕೆಯ ಬೆರಳಿನ ರಕ್ತ ಕೆಲವು ಅಡಿಕೆಗಳ ಮೇಲೆ ಬಿದ್ದಿತ್ತು. ಸುಮಲತಾ ಬಾಯಿ ಒರೆಸಿಕೊಂಡು, ನಾಲ್ಕು ಬೆರಳಿನಲ್ಲಿ ಅವನ್ನು ಒಂದೊಂದಾಗಿ ಬೇರೆ ಮಾಡತೊಡಗಿದಳು.